ಕರ್ಕಶವೆಂದರೆ ಯಾವುದು?

ಸ್ಮರಣ ಸಂಚಿಕೆಗೆ ಒಂದು ಲೇಖನ ಕೊಡಬೇಕೆಂದು ಸಂಘದ ಕಾರ್ಯದರ್ಶಿಗಳು ಕೇಳಿದಾಗ, ವಾಡಿಕೆಯಂತೆ ಲೇಪಾಕ್ಷಿಯ ಶಿಲ್ಪವನ್ನೋ ಗಡಿನಾಡಿನ ಕನ್ನಡ ಶಾಲೆಗಳ ಸ್ಥಿತಿಗತಿಯನ್ನೋ ಕುರಿತು ಬರೆಯುವೆನೆಂದು ಅವರು ಎಣಿಸಿದ್ದರು. ಅವೆರಡರ ಬಗೆಗೂ ಹಿಂದೆ ಬರೆದು ಓದುಗರನ್ನು ಸಾಕಷ್ಟು ದಣಿಸಿದ್ದೇನೆ. ಈ ವರ್ಷ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ ಪ್ರಶ್ನೆ ಬೇರೆ. ನಮಗೆ ಹಿಡಿಸದ ಒಂದು ಕೃತಿಯ ಬಗ್ಗೆ, ಅದರಲ್ಲೂ ಎಲ್ಲರೂ ಸೇರಿ ತಿರಸ್ಕರಿಸಿದ ಒಂದು ಕೃತಿಯ ಬಗ್ಗೆ, ನಮಗೆ ಏನಾದರೂ ಕರ್ತವ್ಯವಿದೆಯೇ? ಹಿಡಿಸಲಿಲ್ಲ ಎಂದು ಬಿಟ್ಟುಬಿಡುವ ಸ್ವಾತಂತ್ರ್ಯ ಎಲ್ಲರಿಗೂ ಉಂಟಷ್ಟೆ. ಬಿಡುವುದಕ್ಕೆ ಮುನ್ನ ಎಷ್ಟು ಕೇಳಿರಬೇಕು ಎಂಬುದೇ ನನ್ನ ಪ್ರಶ್ನೆ. ಎಪ್ಪತ್ತೈದು ದಾಟಿದ ನನಗೆ ಈ ಪ್ರಶ್ನೆಯನ್ನು ತಂದುಕೊಟ್ಟದ್ದು ಪಂಪನೂ ಅಲ್ಲ, ಕುಮಾರವ್ಯಾಸನೂ ಅಲ್ಲ. ಎಕ್ಸ್‌ಟ್ರೀಮ್ ಮೆಟಲ್ ಎಂಬ ಹೆಸರಿನ, ನಮ್ಮಂಥವರು ಸಂಗೀತವೆಂದು ಕರೆಯಲು ಹಿಂಜರಿಯುವ ಒಂದು ಸಂಗೀತ.

ಕಳೆದ ಸಂಕ್ರಾಂತಿಯ ಮರುವಾರ ನನ್ನ ಮಗಳ ಮಗ ಬೆಂಗಳೂರಿನಲ್ಲಿ ಬೈಕಿನಿಂದ ಬಿದ್ದು, ಕಾಲಿಗೆ ಪಟ್ಟಿ ಹಾಕಿಸಿಕೊಂಡು ಹಿಂದೂಪುರದ ನಮ್ಮ ಮನೆಗೆ ಬಂದ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವವರು, ಅಲ್ಲಿ ನೋಡಿಕೊಳ್ಳುವವರಿಲ್ಲ. ಆರು ವಾರ ಹಜಾರದ ಮಂಚವೇ ಅವನ ಲೋಕವಾಯಿತು. ಮೂರನೆಯ ದಿನ ಮಧ್ಯಾಹ್ನ ನನ್ನ ಮಡದಿ ಅಡುಗೆಮನೆಯಿಂದ ಹೊರಬಂದು, "ಮಿಕ್ಸಿ ಕೆಟ್ಟಿದೆಯೋ ಏನೋ, ಯಾರೂ ಮುಟ್ಟದೇನೇ ಗೊರಗುಟ್ಟುತ್ತಿದೆ, ಬಂದು ನೋಡಿ" ಎಂದಳು. ಮಿಕ್ಸಿ ಚೆನ್ನಾಗಿಯೇ ಇತ್ತು. ಹುಡುಗನ ಫೋನಿನಿಂದ ಹೆಡ್‌ಫೋನಿನ ತಂತಿ ಕಳಚಿಕೊಂಡು ಹಾಡು ಹೊರಗೆ ಕೇಳಿಸುತ್ತಿತ್ತು. ಶಾಲೆಯಲ್ಲಿ ಗದ್ದಲವಾದಾಗ ಹೇಳುತ್ತಿದ್ದ ಮಾತೇ ಅಭ್ಯಾಸಬಲದಿಂದ ಬಾಯಿಗೆ ಬಂತು: "ಏನದು ಕರ್ಕಶ? ನಿಲ್ಲಿಸು." ಅವನು ನಿಲ್ಲಿಸಿದ. ನಿಲ್ಲಿಸಿ ಸೌಮ್ಯವಾಗಿ ಕೇಳಿದ: "ತಾತ, ಎಷ್ಟು ಹೊತ್ತು ಕೇಳಿದಿರಿ?" ಅರ್ಧ ನಿಮಿಷವೂ ಆಗಿರಲಿಲ್ಲ.

ಈ ಸಂಗೀತದ ಪರಿಚಯವಿಲ್ಲದ ನನ್ನ ವಯಸ್ಸಿನವರಿಗಾಗಿ ಎರಡು ಮಾತು ಹೇಳಬೇಕು. ಇದರ ಮೂಲ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಎಂಬ ಕಾರ್ಖಾನೆಗಳ ಊರು. ಅಲ್ಲಿ ಟೋನಿ ಅಯೋಮಿ ಎಂಬ ಹದಿಹರೆಯದ ಕಾರ್ಮಿಕನೊಬ್ಬ ಲೋಹದ ತಗಡಿನ ಕಾರ್ಖಾನೆಯಲ್ಲಿ ಯಂತ್ರಕ್ಕೆ ಸಿಲುಕಿ ಬಲಗೈಯ ಎರಡು ಬೆರಳುಗಳ ತುದಿಯನ್ನು ಕಳೆದುಕೊಂಡ. ಅವನು ಎಡಚನಾದುದರಿಂದ ಗಿಟಾರಿನ ತಂತಿಯನ್ನು ಒತ್ತಬೇಕಾದವು ಆ ಬೆರಳುಗಳೇ. ಅವನು ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ. ಒತ್ತಲು ಸುಲಭವಾಗಲೆಂದು ಹಗುರವಾದ ತಂತಿಗಳನ್ನು ಹಾಕಿದ, ಮುಂದೆ ಅವುಗಳ ಬಿಗಿಯನ್ನೂ ಸಡಿಲಿಸಿ ಶ್ರುತಿಯನ್ನು ಕೆಳಗಿಳಿಸಿದ. ಆ ಭಾರವಾದ ನಾದದಿಂದಲೇ ಬ್ಲ್ಯಾಕ್ ಸಬ್ಬತ್ ಎಂಬ ತಂಡ 1970ರಲ್ಲಿ ತನ್ನ ಮೊದಲ ಸಂಪುಟವನ್ನು ಹೊರತಂದಿತು. ಅಂದಿನ ಹೆಸರಾಂತ ವಿಮರ್ಶಕರು ಅದನ್ನು ಹೀಗಳೆದರು. ಇಂದು ಅದೇ ಒಂದು ಪರಂಪರೆಯ ಮೂಲಗ್ರಂಥದಂತಿದೆ. 1980ರ ದಶಕದಲ್ಲಿ ಅದರಿಂದ ಇನ್ನೂ ವೇಗವಾದ, ಇನ್ನೂ ಘೋರವಾದ ಕವಲುಗಳು ಒಡೆದವು. ಅವುಗಳಲ್ಲಿ ಗಾಯಕನು ಹಾಡುವುದಿಲ್ಲ, ಎದೆಯಾಳದಿಂದ ಗರ್ಜಿಸುತ್ತಾನೆ ಇಲ್ಲವೆ ಚೀರುತ್ತಾನೆ. ಇದೆಲ್ಲ ದೂರದ ಮಾತೆಂದು ತಿಳಿಯಬೇಡಿ. ನಮ್ಮಿಂದ ನೂರು ಕಿಲೋಮೀಟರಿನ ಆಸುಪಾಸಿನ ಬೆಂಗಳೂರಿನಲ್ಲಿ ಕ್ರಿಪ್ಟೋಸ್ ಎಂಬ ತಂಡ 1998ರಿಂದ ಈ ಬಗೆಯ ಸಂಗೀತವನ್ನು ನುಡಿಸುತ್ತಿದೆ. ಅಲ್ಲಿನ ಅರಮನೆ ಮೈದಾನಕ್ಕೆ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ತಂಡಗಳು ಬಂದುಹೋಗಿವೆ. ನಮ್ಮ ಮಕ್ಕಳು, ಮೊಮ್ಮಕ್ಕಳು ಅಲ್ಲಿ ನಿಂತು ಕೇಳಿದ್ದಾರೆ. ನಮಗೆ ಹೇಳಿಲ್ಲ, ಅಷ್ಟೆ.

ನನ್ನ ಮೊಮ್ಮಗ ಈ ಕೂಟದಲ್ಲಿಯೂ ಒಂದು ವಿಚಿತ್ರ ಪ್ರಾಣಿ. ಎಲ್ಲರೂ ಕೊಂಡಾಡುವ ಸಂಪುಟಗಳನ್ನು ಅವನು ಎಂದೋ ಕೇಳಿ ಮುಗಿಸಿದ್ದಾನೆ. ಈಗ ಅವನು ಹುಡುಕುವುದು ಆ ಸಂಗೀತದ ಅಭಿಮಾನಿಗಳೇ ಉಗಿದು ಹೊರಹಾಕಿದ ಸಂಪುಟಗಳನ್ನು. ಲೋಕ ತಿರಸ್ಕರಿಸಿದ ಸಂಗೀತದೊಳಗೆ, ಆ ಸಂಗೀತದವರು ತಿರಸ್ಕರಿಸಿದ್ದನ್ನು! ಒಂದು ಹಳೆಯ ದಿನಚರಿ ಪುಸ್ತಕದಲ್ಲಿ ಅವುಗಳ ಪಟ್ಟಿ ಇಟ್ಟಿದ್ದಾನೆ. ಪ್ರತಿಯೊಂದನ್ನೂ ಮೂರು ಸಲ ಕೇಳಬೇಕೆಂಬುದು ಅವನ ನಿಯಮ: ಒಮ್ಮೆ ಸುಮ್ಮನೆ, ಒಮ್ಮೆ ಸಾಹಿತ್ಯವನ್ನು ಎದುರಿಗಿಟ್ಟುಕೊಂಡು, ಇನ್ನೊಮ್ಮೆ ಕೆಲವು ತಿಂಗಳು ಕಳೆದ ಮೇಲೆ. ಅದಾದ ಮೇಲೆ ಬೈಯಬಹುದು. ಮೂವತ್ತು ವರ್ಷಕ್ಕೂ ಮಿಕ್ಕಿ ಉತ್ತರ ಪತ್ರಿಕೆ ತಿದ್ದಿದ ನನಗೆ ಇದನ್ನು ಕೇಳಿ ನಗು ಬಂತು. ರಾತ್ರಿ ಮಲಗಿದಾಗ ನಗು ಹೋಯಿತು. ಮೊದಲ ಸಾಲಿನಲ್ಲೇ ಅಕ್ಷರ ಸೊಟ್ಟಗಿದೆಯೆಂದು ಮನಸ್ಸಿನಲ್ಲಿಯೇ ಅಂಕ ಕಡಿಮೆ ಮಾಡಿಬಿಟ್ಟ ಪತ್ರಿಕೆಗಳು ಎಷ್ಟಿದ್ದವೋ! ಮೂರು ಸಲ ಯಾವುದನ್ನು ಓದಿದ್ದೆ?

ಮರುದಿನ ನಾನೇ ಹೋಗಿ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಕುಳಿತೆ.

ಇಲ್ಲಿ ಒಂದು ಭೇದವನ್ನು ಗುರುತಿಸಬೇಕು. ಅವಗಣಿಸಲ್ಪಟ್ಟದ್ದು ಬೇರೆ, ತಿರಸ್ಕೃತವಾದದ್ದು ಬೇರೆ. ಕಲ್ಯಾಣದುರ್ಗ ಸೀಮೆಯ ರಾಳ್ಳಪಲ್ಲಿಯಲ್ಲಿ 1893ರಲ್ಲಿ ಹುಟ್ಟಿದ ರಾಳ್ಳಪಲ್ಲಿ ಅನಂತಕೃಷ್ಣಶರ್ಮರು ನಮ್ಮ ಸಂಘದವರಿಗೆ ಅಪರಿಚಿತರಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ತೆಲುಗು ಕಲಿಸಿದ ಆ ಹಿರಿಯರು, ಬಳಿಕ ತಿರುಪತಿಯಲ್ಲಿ ಕುಳಿತು ಅನ್ನಮಾಚಾರ್ಯರ ಕೀರ್ತನೆಗಳಿಗೆ ಸ್ವರ ಸಂಯೋಜನೆ ಮಾಡಿದರು. 15ನೆಯ ಶತಮಾನದ ಆ ಕೀರ್ತನೆಗಳು ತಾಮ್ರಪಟಗಳಲ್ಲಿ ತಿರುಮಲೆಯ ದೇಗುಲದೊಳಗೇ ಶತಮಾನಗಳ ಕಾಲ ಯಾರ ಕಣ್ಣಿಗೂ ಬೀಳದೆ ಬಿದ್ದಿದ್ದವು. ಪದವಿತ್ತು, ರಾಗದ ಹೆಸರಿತ್ತು, ಹಾಡು ಕಳೆದುಹೋಗಿತ್ತು. ಮರೆತದ್ದನ್ನು ಮರಳಿ ತರಲು ವಿದ್ವತ್ತು ಬೇಕು, ಶ್ರಮ ಬೇಕು. ಆದರೆ ಎದುರಾಳಿ ಇರುವುದಿಲ್ಲ. ಅನ್ನಮಯ್ಯನನ್ನು ಯಾರೂ ದ್ವೇಷಿಸಿರಲಿಲ್ಲವಷ್ಟೆ. ಎಲ್ಲರೂ ಕೇಳಿ, ಕೆಟ್ಟದ್ದೆಂದು ತೀರ್ಪಿತ್ತು, ಬಾಗಿಲು ಹಾಕಿದ ಮೇಲೆ ಆ ಬಾಗಿಲನ್ನು ತಟ್ಟುವುದು ಬೇರೆಯದೇ ಕೆಲಸ. ಮೊಮ್ಮಗನ ಪುಸ್ತಕದಲ್ಲಿ ಎರಡು ಜಾತಿಯವೂ ಕಲಸಿಕೊಂಡಿದ್ದವು. ನನಗೆ ಕುತೂಹಲ ಹುಟ್ಟಿಸಿದವು ಎರಡನೆಯ ಜಾತಿಯವು.

ಮೊದಲು ಅವನು ಕೇಳಿಸಿದ್ದು ಹೆಲ್‌ಹ್ಯಾಮರ್ ಎಂಬ ಸ್ವಿಟ್ಜರ್ಲೆಂಡಿನ ತಂಡದ ಧ್ವನಿಮುದ್ರಿಕೆ, 1984ನೆಯ ಇಸವಿಯದು. ಹಳ್ಳಿಯೊಂದರ ಹುಡುಗರು ಕಟ್ಟಿದ ತಂಡವಂತೆ. ಅಂದಿನ ಪತ್ರಿಕೆಗಳು ಅದನ್ನು ಎಷ್ಟು ನಿರ್ದಯವಾಗಿ ಹೀಗಳೆದವೆಂದರೆ ಅದೇ ವರ್ಷ ಅವರು ಆ ಹೆಸರನ್ನೇ ಬಿಟ್ಟು ಸೆಲ್ಟಿಕ್ ಫ್ರಾಸ್ಟ್ ಎಂಬ ಹೊಸ ತಂಡ ಕಟ್ಟಿದರು. ನನ್ನ ಕಿವಿಗೂ ಅದು ಕೈಯೇ ಪಳಗದವರ ಬಡಿತವೆಂದು ಕೇಳಿಸಿತು. ಈಗಲೂ ಹಾಗೆಯೇ ಕೇಳಿಸುತ್ತದೆ. ಆದರೆ ಎರಡನೆಯ ಸಲ ಒಂದು ಸಂಗತಿ ಗಮನಕ್ಕೆ ಬಂತು. ಆ ಹುಡುಗರಿಗೆ ನುಡಿಸಲು ಬಾರದು, ಏನನ್ನು ನುಡಿಸಬೇಕೆಂಬುದು ಮಾತ್ರ ಖಚಿತವಾಗಿ ಗೊತ್ತು. ಇಂಥ ವಿದ್ಯಾರ್ಥಿಗಳನ್ನು ಉಪಾಧ್ಯಾಯರಾದ ನಾವೆಲ್ಲ ಬಲ್ಲೆವು: ಕಾಗುಣಿತ ತಪ್ಪು, ವಾಕ್ಯ ತಪ್ಪು, ಹೇಳುವ ವಿಷಯ ಮಾತ್ರ ಇಡೀ ತರಗತಿಯಲ್ಲಿ ಯಾರಿಗೂ ಹೊಳೆಯದ್ದು. ಮುಂದೆ ಹಲವು ದೇಶಗಳ ತಂಡಗಳು ಅದೇ ಒರಟು ಮುದ್ರಿಕೆಯಿಂದ ಪಾಠ ಕಲಿತವಂತೆ.

ಅದೇ ಸೆಲ್ಟಿಕ್ ಫ್ರಾಸ್ಟ್ 1988ರಲ್ಲಿ 'ಕೋಲ್ಡ್ ಲೇಕ್' ಎಂಬ ಸಂಪುಟವನ್ನು ತಂದಿತು. ಈ ಸಂಗೀತದ ಇತಿಹಾಸದಲ್ಲಿಯೇ ಇದರಷ್ಟು ಬೈಗುಳ ತಿಂದ ಸಂಪುಟಗಳು ಕೆಲವೇ. ತಂಡದ ನಾಯಕನೇ ಮುಂದೆ ಇದು ತನ್ನದಲ್ಲವೆಂಬಂತೆ ಕೈತೊಳೆದುಕೊಂಡ. ಘೋರ ಸಂಗೀತದ ಆಚಾರ್ಯರೆನಿಸಿಕೊಂಡವರು ಆ ಕಾಲದ ಜನಪ್ರಿಯ ಶೋಕಿಗೆ ಮರುಳಾಗಿ, ಕೂದಲು ಉಬ್ಬಿಸಿಕೊಂಡು, ಮೋಜಿನ ಹಾಡು ಹಾಡಿದರೆಂಬುದೇ ಆರೋಪ. ಇಲ್ಲಿ ನನಗೆ ಒಂದು ತಮಾಷೆಯ ಅನುಭವವಾಯಿತು. ಮೊಮ್ಮಗ ಕೇಳಿಸಿದವುಗಳಲ್ಲೆಲ್ಲ ನನಗೆ ಸಲೀಸಾಗಿ ಕೇಳಲು ಬಂದದ್ದು ಇದೇ! "ಇದು ಪರವಾಗಿಲ್ಲವಲ್ಲೋ" ಎಂದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ನಗು ನಿಂತ ಮೇಲೆ ಇಬ್ಬರೂ ಆ ಬಗ್ಗೆ ಬಹಳ ಹೊತ್ತು ಮಾತಾಡಿದೆವು. ಕರ್ಕಶತೆ ನಾದದೊಳಗೆ ಇರುವ ಗುಣವಾಗಿದ್ದರೆ ಅವನಿಗೂ ನನಗೂ ಒಂದೇ ಸಂಪುಟ ಕರ್ಕಶವಾಗಬೇಕಿತ್ತು. ಹಾಗಾಗಲಿಲ್ಲ. ಅವರ ಬಳಗಕ್ಕೆ ಚುಚ್ಚಿದ್ದು ಭಂಗವಾದ ನಿರೀಕ್ಷೆ, ನಂಬಿಕೆದ್ರೋಹ. ನನಗೆ ಆ ನಿರೀಕ್ಷೆಯೇ ಇರಲಿಲ್ಲ, ದ್ರೋಹ ಎಲ್ಲಿಂದ ಬರಬೇಕು? ಹಾಗಾದರೆ 'ಕಿವಿಗೆ ಹಿಡಿಸಲಿಲ್ಲ' ಎಂದು ನಾವು ಹೇಳುವಾಗ ಮಾತಾಡುವುದು ಎಷ್ಟು ಪಾಲು ಕಿವಿ, ಎಷ್ಟು ಪಾಲು ನಮ್ಮ ಕೂಟದ ರೂಢಿ? ಕೇಳಬಾರದ ಕಡೆಯಿಂದ ಬಂದ ಪ್ರಶ್ನೆಯಾದರೂ ಇದು ಅಲಂಕಾರಶಾಸ್ತ್ರದ ಪ್ರಶ್ನೆಯೇ.

ಸಿನಿಕ್ ಎಂಬ ಅಮೆರಿಕದ ತಂಡದ 'ಫೋಕಸ್', 1993. ಇದಕ್ಕೆ ತಿರಸ್ಕಾರ ಬಂದದ್ದು ಇನ್ನೊಂದು ದಿಕ್ಕಿನಿಂದ. ಗರ್ಜನೆಯ ನಡುವೆ ಅವರು ಜಾಸ್ ಸಂಗೀತದ ನಯವನ್ನೂ ಯಂತ್ರದೊಳಗಿಂದ ಹಾಯ್ದು ಬಂದಂಥ ತೇಲುವ ದನಿಯನ್ನೂ ಬೆಸೆದಿದ್ದರು. ಗರ್ಜನೆಗೆಂದು ಬಂದಿದ್ದ ಸಭಿಕರಿಗೆ ಅದು ರುಚಿಸಲಿಲ್ಲ. ಮರುವರ್ಷ ತಂಡವೇ ಒಡೆಯಿತು. ಹತ್ತು ಹನ್ನೆರಡು ವರ್ಷ ಕಳೆಯುವಷ್ಟರಲ್ಲಿ ಅದೇ ಸಂಪುಟ ಮಾದರಿಯೆನಿಸಿ, ತಂಡವು ಮತ್ತೆ ಕೂಡಿ ವೇದಿಕೆ ಹತ್ತಬೇಕಾಯಿತು. ಆ ತೇಲುವ ದನಿಯ ಭಾಗಗಳು ಬಂದಾಗ ನನ್ನ ಮಡದಿಯೂ ಒಗ್ಗರಣೆಯ ಸೌಟು ಹಿಡಿದು ಬಾಗಿಲಲ್ಲಿ ನಿಂತಳು. ಗರ್ಜನೆ ಮರುಕಳಿಸಿದ್ದೇ ಒಳಗೆ ಹೋದಳು.

ಇನ್ನು ಮೆಟಾಲಿಕಾದವರ 'ಸೇಂಟ್ ಆಂಗರ್'. ಇದು ಅತಿಘೋರ ಪಂಗಡಕ್ಕೆ ಸೇರದು, ಗಡಿಯ ಮೇಲಿನದು ಎಂದು ಮೊಮ್ಮಗ ಎಚ್ಚರಿಸಿದ. ಗಡಿಯವರ ಮೇಲೆ ನನಗೆ ಸಹಜವಾಗಿಯೇ ಒಲವು. 2003ರಲ್ಲಿ ಬಂದ ಇದು ಎಪ್ಪತ್ತೈದು ನಿಮಿಷದ ಸಂಪುಟ. ಸ್ನೇರ್ ಎಂಬ ಡ್ರಮ್ಮಿನ ಕೆಳಮೈಗೆ ಒತ್ತಿರುವ ತಂತಿಗಳನ್ನು ಸಡಿಲಿಸಿ ನುಡಿಸಿದ್ದರಿಂದ ಅದು ಟಣ್ ಟಣ್ ಎಂದು ಖಾಲಿ ಸೀಮೆಎಣ್ಣೆ ಡಬ್ಬದಂತೆ ಮೊಳಗುತ್ತದೆ. ಆ ಡಬ್ಬದ ಸದ್ದಿಗೆ ಜಗತ್ತೆಲ್ಲ ನಕ್ಕಿತಂತೆ. ನಾನೂ ನಕ್ಕೆ. ಆಮೇಲೆ ಅದು ಹುಟ್ಟಿದ ಬಗೆಯನ್ನು ಹುಡುಗ ಹೇಳಿದ. ತಂಡದ ಗಾಯಕ ಕುಡಿತದಿಂದ ಬಿಡಿಸಿಕೊಳ್ಳಲು ನಡುವೆ ಎದ್ದುಹೋಗಿ ತಿಂಗಳುಗಟ್ಟಲೆ ಚಿಕಿತ್ಸೆ ಪಡೆದು ಬಂದ. ಉಳಿದವರ ನಡುವೆ ಮಾತು ಮುರಿದುಬೀಳುವ ಹಾಗಿತ್ತು. ಆ ಜಗಳವನ್ನೇ ಚಿತ್ರೀಕರಿಸಿದ ಸಾಕ್ಷ್ಯಚಿತ್ರವೂ ಇದೆ. ಇದನ್ನು ತಿಳಿದ ಮೇಲೆ ಕೇಳಿದರೆ ಹಾಡುಗಳು ಚೆಂದವಾದುವೇ? ಇಲ್ಲ. ಒಂದು ಮನೆಯಲ್ಲಿ ನಾಲ್ವರು ಪಾತ್ರೆ ಎತ್ತಿ ಹಾಕುತ್ತ ಜಗಳವಾಡುತ್ತಿದ್ದಾರೆ, ಆದರೆ ಮನೆ ಬಿಟ್ಟು ಯಾರೂ ಹೋಗುತ್ತಿಲ್ಲ ಎಂಬುದು ಮಾತ್ರ ಕೇಳಿಸತೊಡಗಿತು. ಅದು ಮೊದಲೂ ಅಲ್ಲಿಯೇ ಇತ್ತು.

ನಮ್ಮ ಹಿರಿಯರು ಇಂಥ ಅನುಭವವನ್ನು ಕಾಣದವರಲ್ಲ. ಭರತಮುನಿ ಎಂಟು ರಸಗಳನ್ನು ಹೇಳುವಾಗ ಶೃಂಗಾರದ ಪಂಕ್ತಿಯಲ್ಲಿಯೇ ರೌದ್ರ, ಭಯಾನಕ, ಬೀಭತ್ಸಗಳಿಗೂ ಎಲೆ ಹಾಕಿದನು. ಜುಗುಪ್ಸೆಯೂ ಒಂದು ಸ್ಥಾಯಿಭಾವವೆಂದು, ಅದಕ್ಕೂ ಒಬ್ಬ ಅಧಿದೇವತೆಯುಂಟೆಂದು ನಾವೇ ತರಗತಿಯಲ್ಲಿ ಪಾಠ ಹೇಳಿದ್ದೇವೆ. ಹಿಂದೂಪುರಕ್ಕೆ ಹತ್ತಿರದ ಲೇಪಾಕ್ಷಿಯಲ್ಲಿ ನಾವು ಕೈಮುಗಿಯುವ ದೈವ ಯಾರು? ದಕ್ಷನ ಯಜ್ಞವನ್ನು ಹಾಳುಗೆಡವಿದ ವೀರಭದ್ರ, ರೌದ್ರವೇ ಮೈತಾಳಿದವನು. ಅಲ್ಲಿನ ನಾಟ್ಯಮಂಟಪದಲ್ಲಿ ತುಂಬುರುವೂ ರಂಭೆಯೂ ಇರುವ ಕಂಬಗಳ ನಡುವೆಯೇ ಮೂರು ಕಾಲಿನ ಭೃಂಗಿಯೂ ನರ್ತಿಸುತ್ತಾನೆ. ವೀರಗಾಸೆಯವರು ಒಡಪು ಹೇಳುವಾಗ ಅದು ಕೋಗಿಲೆಯ ಕಂಠವೇ? ನರ ಉಬ್ಬಿ, ಕಣ್ಣು ಕೆಂಪಾಗಿ, ಎದೆಯಿಂದ ಕಿತ್ತು ಬರುವ ಆ ಕೂಗಿಗೆ ನಾವು ಮೈಮೇಲೆ ಮುಳ್ಳೆದ್ದು ನಿಲ್ಲುತ್ತೇವೆ. ದೇವರ ಎದುರಿಗಾದರೆ ಭಕ್ತಿ, ಮೊಮ್ಮಗನ ಫೋನಿನಲ್ಲಾದರೆ ಕರ್ಕಶ! ಎರಡೂ ಒಂದೇ ಎಂದು ನಾನು ಹೇಳುವುದಿಲ್ಲ. ಒಂದರ ಹಿಂದೆ ಊರಿದೆ, ವ್ರತವಿದೆ, ವರ್ಷಕ್ಕೊಮ್ಮೆ ಬರುವ ಕಾಲವಿದೆ. ಆದರೂ ಘೋರವಾದದ್ದು ನಮ್ಮ ಕಿವಿಗೆ ಹೊಸದು ಎಂಬ ಮಾತು ಸುಳ್ಳು.

ಇಷ್ಟು ಹೇಳಿದ ಮೇಲೆ ಒಂದು ಆಕ್ಷೇಪವನ್ನು ನಾನೇ ಎತ್ತಬೇಕು. 1990ರ ದಶಕದ ಆದಿಯಲ್ಲಿ ನಾರ್ವೆ ದೇಶದಲ್ಲಿ ಈ ಸಂಗೀತದ ಒಂದು ಪಂಗಡದವರು ಪುರಾತನವಾದ ಇಗರ್ಜಿಗಳಿಗೆ ಬೆಂಕಿಯಿಟ್ಟರು. ಅವರಲ್ಲೊಬ್ಬ ಹೆಸರುವಾಸಿ ವಾದಕ 1993ರಲ್ಲಿ ಇನ್ನೊಬ್ಬ ವಾದಕನನ್ನು ಕೊಂದು ಸೆರೆಮನೆ ಸೇರಿದ. ಬೇರೆ ಕೆಲವು ತಂಡಗಳ ಸಾಹಿತ್ಯದಲ್ಲಿ ಹೆಂಗಸರ ಮೇಲಿನ ಹಿಂಸೆಯನ್ನು ರಸಕವಳದಂತೆ ಜಗಿಯುತ್ತಾರೆ. ಮೊಮ್ಮಗ ಸಾಹಿತ್ಯವನ್ನು ಎದುರಿಗಿಟ್ಟಾಗ ಅಂಥ ಎರಡು ಹಾಡುಗಳನ್ನು ನಾನು ಅರ್ಧಕ್ಕೇ ನಿಲ್ಲಿಸಿದೆ. ಮೂರನೆಯ ಸಲದ ನಿಯಮಕ್ಕೆ ಒಪ್ಪಲಿಲ್ಲ. ಅವನು ವಾದಿಸಿದ: "ಕೀಚಕನ ವಧೆಯನ್ನು ನೀವೇ ತರಗತಿಯಲ್ಲಿ ರಸವತ್ತಾಗಿ ಓದುತ್ತಿದ್ದಿರಂತೆ, ಅಮ್ಮ ಹೇಳಿದ್ದಾಳೆ." ನಿಜವೇ. ಆದರೆ ಅಲ್ಲಿ ಕವಿಯ ಕಣ್ಣು ದ್ರೌಪದಿಯ ನೋವಿನ ಮೇಲಿದೆ. ಇಲ್ಲಿ ನೋಯುವವಳಿಗೆ ಮುಖವೇ ಇಲ್ಲ. ಕಿವಿಗೆ ಒರಟಾದದ್ದು ಒಂದು, ಮನಸ್ಸಿನಲ್ಲಿ ಕೇಡಾದದ್ದು ಇನ್ನೊಂದು. ಮೊದಲನೆಯದಕ್ಕೆ ಎರಡನೆಯ ಅವಕಾಶ ಸಲ್ಲಬೇಕೆನ್ನುವವನು ಎರಡನೆಯದನ್ನೂ ನುಂಗಬೇಕಾಗಿಲ್ಲ. ತೊಂದರೆಯೆಂದರೆ, ಕಿವಿಗೆ ಒರಟಾದದ್ದನ್ನೆಲ್ಲ ನಾವು ತಟ್ಟನೆ ಕೇಡಿನ ಖಾತೆಗೆ ಬರೆದುಬಿಡುತ್ತೇವೆ. ಬರೆದುಬಿಟ್ಟೆನೆಂದೇ ಈ ಲೇಖನ ಬರೆಯುತ್ತಿದ್ದೇನೆ.

ಅದೇ ಹೆಡ್‌ಫೋನಿನಲ್ಲಿ, ಯಾವ ಹಾಡೋ ನೆನಪಿಲ್ಲ, ಗರ್ಜನೆಯೊಂದು ಕೆಳಗಿನ ಶ್ರುತಿಯಿಂದ ಏರುತ್ತ, ಉಜ್ಜುತ್ತ ಬಂದಾಗ ನನಗೆ ನಡು ಬೆನ್ನಿನಲ್ಲಿ ಚಳಿ ಹಾಯಿತು. ಇದನ್ನು ನಾನು ಎಲ್ಲಿಯೋ ಕೇಳಿದ್ದೆ. ಎಲ್ಲಿ ಎಂಬುದು ಸಂಜೆ ಸಂಧ್ಯಾದೀಪದ ಹೊತ್ತಿಗೆ ಹೊಳೆಯಿತು: ಉರುಮೆ.

ಅನಂತಪುರ, ಪಾವಗಡ, ಚಿತ್ರದುರ್ಗದ ಸೀಮೆಯವರಿಗೆ ಉರುಮೆಯನ್ನು ವರ್ಣಿಸಿ ಹೇಳಬೇಕಾಗಿಲ್ಲ. ನಡು ಸಣ್ಣಗಿರುವ ಎರಡು ಮುಖದ ಚರ್ಮವಾದ್ಯ. ಒಂದು ಮುಖವನ್ನು ಬಡಿಯುತ್ತಾರೆ, ಇನ್ನೊಂದರ ಮೇಲೆ ಬಾಗಿದ ಕಡ್ಡಿಯನ್ನು ಉಜ್ಜುತ್ತಾರೆ. ಉಜ್ಜಿದಾಗ ಚರ್ಮ ಗುರುಗುಡುತ್ತದೆ, ಮುಲುಗುತ್ತದೆ. ತೆಲುಗಿನಲ್ಲಿ ಅದರ ಹೆಸರೇ ಗುಡುಗನ್ನು ನೆನಪಿಸುತ್ತದೆ. ನುಡಿಸುವವರು ಊರ ಹೊರಗಿನ ಕೇರಿಯವರು. ಗ್ರಾಮದೇವತೆಯನ್ನು ಎಬ್ಬಿಸಲು ಅವರು ಬೇಕು. ಎದ್ದ ದೇವತೆಯ ಗುಡಿಯೊಳಕ್ಕೆ ಅವರನ್ನು ಬಿಡುತ್ತಿರಲಿಲ್ಲ.

1986ರಲ್ಲಿ ನಾನು ಕಲ್ಯಾಣದುರ್ಗದ ಕಡೆಯ ಒಂದು ಶಾಲೆಯಲ್ಲಿ ಹೊಸದಾಗಿ ಮುಖ್ಯೋಪಾಧ್ಯಾಯನಾಗಿದ್ದೆ. ವಾರ್ಷಿಕೋತ್ಸವದ ತಯಾರಿ ನಡೆದಿತ್ತು. ಏಳನೆಯ ತರಗತಿಯ ಒಬ್ಬ ಹುಡುಗ, ತಾನಾಗಿ ಒಂದು ಮಾತನ್ನೂ ಆಡದವನು, ತಂದೆಯ ಉರುಮೆಯನ್ನು ಹೆಗಲಿಗೆ ಹಾಕಿಕೊಂಡು ಬಂದ. ನುಡಿಸುತ್ತೇನೆಂದ, ನುಡಿಸಿದ. ಅರ್ಧ ನಿಮಿಷವೂ ಆಗಿರಲಿಲ್ಲ. "ಇದು ಶಾಲೆ ಕಣೋ, ಜಾತ್ರೆಯಲ್ಲ. ಆ ಕರ್ಕಶವನ್ನು ಹೊರಗಿಟ್ಟು ಬಾ" ಎಂದೆ. ಅವನು ಉರುಮೆಯನ್ನು ಬೇವಿನ ಮರದ ಕೆಳಗಿಟ್ಟು ಬಂದು ಕೊನೆಯ ಸಾಲಿನಲ್ಲಿ ಕುಳಿತ. ಆ ಸ್ಥಾನಕ್ಕೆ ಹಾರ್ಮೋನಿಯಂ ಇಟ್ಟು ಒಂದು ಪ್ರಾರ್ಥನೆ ಹಾಡಿಸಿದೆವು. ಅತಿಥಿಗಳು ಮೆಚ್ಚಿದರು. ಮರುವರ್ಷ ಹುಡುಗ ಶಾಲೆಗೆ ಬರಲಿಲ್ಲ. ಅದಕ್ಕೆ ಬಡತನವೇ ಸಾಕಷ್ಟು ಕಾರಣವಾಗಿತ್ತು, ನನ್ನ ಮಾತಲ್ಲ ಎಂದು ನಲವತ್ತು ವರ್ಷ ಸಮಾಧಾನ ಹೇಳಿಕೊಂಡಿದ್ದೆನೆಂದರೂ ತಪ್ಪು. ಆ ಹುಡುಗನ ನೆನಪೇ ನನಗೆ ಬಂದಿರಲಿಲ್ಲ.

ಹಾರ್ಮೋನಿಯಂ ಎಂದೆನಲ್ಲ, ಅದರ ಕಥೆಯೂ ಹೇಳತಕ್ಕದ್ದೇ. ನಾನು ಶಿಷ್ಟವೆಂದು ಎದುರಿಗೆ ಇರಿಸಿದ ಆ ಪೆಟ್ಟಿಗೆ ಯೂರೋಪಿನಿಂದ ಬಂದದ್ದು. ಅದರಲ್ಲಿ ನಮ್ಮ ಗಮಕ ಬಾರದು, ಅದು ಭಾರತೀಯ ಸಂಗೀತವನ್ನು ಕೆಡಿಸುತ್ತದೆ ಎಂದು ಆಕಾಶವಾಣಿಯು 1940ರಿಂದ 1971ರವರೆಗೆ ಅದಕ್ಕೆ ಬಾಗಿಲು ಮುಚ್ಚಿತ್ತು. ಮೂರು ದಶಕ! ನಾನು ಕಾಲೇಜು ಮುಗಿಸುವ ಹೊತ್ತಿಗೆ ಶಾಪವಿಮೋಚನೆಯಾದ ವಾದ್ಯವನ್ನು ಹಿಡಿದು, ಶತಮಾನಗಳಿಂದ ಇದೇ ಮಣ್ಣಿನಲ್ಲಿ ನುಡಿಯುತ್ತಿದ್ದ ವಾದ್ಯಕ್ಕೆ ಶಾಪ ಕೊಟ್ಟೆ. ಕರಾವಳಿಯ ಕದ್ರಿ ಗೋಪಾಲನಾಥರು ಬ್ಯಾಂಡಿನ ಸ್ಯಾಕ್ಸೊಫೋನನ್ನು ಕಚೇರಿಯ ವೇದಿಕೆಗೆ ತಂದಾಗಲೂ ಮೂಗು ಮುರಿದವರಿದ್ದರು. ಇಂದು ಮದುವೆಮನೆಯಲ್ಲಿ ಸ್ಯಾಕ್ಸೊಫೋನಿಲ್ಲದಿದ್ದರೆ ಬೀಗರು ಮುನಿಸಿಕೊಳ್ಳುತ್ತಾರೆ.

ಕಿವಿಯ ತೀರ್ಪಿಗೆ ಗುರಿಯಾದವನು ನಾನೂ ಹೌದು. ಬಿ.ಎಡ್. ಓದುವಾಗ ದೊಡ್ಡ ಊರಿನ ಸಹಪಾಠಿಗಳು ನಾನು ಬಾಯಿ ತೆರೆದರೆ ನಗುತ್ತಿದ್ದರು. ನಮ್ಮ ಕನ್ನಡದಲ್ಲಿ ತೆಲುಗಿನ ಏರಿಳಿತವಿದೆಯಂತೆ. ನಾವು ಜಗಳವಾಡುವ ಹಾಗೆ ಮಾತಾಡುತ್ತೇವಂತೆ. ಇತ್ತ ಊರಿಗೆ ಬಂದರೆ ತೆಲುಗಿನವರು ನಮ್ಮ ತೆಲುಗಿಗೆ ನಗುತ್ತಿದ್ದರು. ಮಡಕಶಿರ, ರಾಯದುರ್ಗ, ಹಿಂದೂಪುರದ ಕನ್ನಡಿಗರಲ್ಲಿ ಇದನ್ನು ಉಣ್ಣದವರು ಯಾರು? ಪರರ ವಿಚಾರವನ್ನು ಸೈರಿಸುವುದೇ ಬಂಗಾರವೆಂದು ಕವಿರಾಜಮಾರ್ಗಕಾರನು ಹೇಳಿದ್ದನ್ನು ನಾವು ವೇದಿಕೆಯಲ್ಲಿ ಉದ್ಧರಿಸುವುದು ನಮಗೆ ಸಲ್ಲಬೇಕಾದ ನ್ಯಾಯವನ್ನು ಕೇಳಲು. ಬೇವಿನ ಮರದ ಕೆಳಗಿನ ಉರುಮೆಗೆ ಅದನ್ನು ಸಲ್ಲಿಸುವ ಸರದಿ ನನ್ನದಾದಾಗ ಅದು ನನಗೆ ನೆನಪಾಗಲಿಲ್ಲ.

ಯುಗಾದಿ ಕಳೆಯಿತು. ಪಟ್ಟಿ ಬಿಚ್ಚಿಸಿಕೊಂಡು ಕೋಲೂರಿ ನಡೆಯುತ್ತಿದ್ದ ಮೊಮ್ಮಗನಿಗೆ ಈ ಸಂಗತಿಯನ್ನೆಲ್ಲ ಹೇಳಿದ್ದೆ. "ಹೋಗೋಣ ತಾತ" ಎಂದ. ಮಡಕಶಿರದ ಮೇಲೆ ಪಾವಗಡ, ಅಲ್ಲಿ ಬಸ್ಸು ಬದಲಿಸಿ ಕಲ್ಯಾಣದುರ್ಗ. ಆಂಧ್ರದಲ್ಲಿ ಹತ್ತಿ, ಕರ್ನಾಟಕದಲ್ಲಿ ಇಳಿದು ಚಹಾ ಕುಡಿದು, ಮತ್ತೆ ಆಂಧ್ರದಲ್ಲಿ ಇಳಿಯುವ ದಾರಿ. ಆ ಊರಿನಲ್ಲಿ ದೇವರು ಹೊರಡುವ ದಿನ. ಉರುಮೆಯವರು ಐದು ಜನರಿದ್ದರು. ನಡುವಿನವನ ಕೂದಲು ನರೆತಿತ್ತು. ನಾನು ಗುರುತಿಸಲಿಲ್ಲ, ಅವನೇ ಬಂದು, "ಸಾರ್, ನೀವು ನಮ್ಮ ಇಸ್ಕೂಲಿನ ಹೆಡ್‌ಮಾಸ್ಟರು ಅಲ್ವಾ" ಎಂದ. ಬಾಯಿಗೆ ತಂದುಕೊಂಡಿದ್ದ ಮಾತು ಹೊರಗೆ ಬರುವ ಮೊದಲೇ ಅವನು ಪಕ್ಕದವರಿಗೆ ನನ್ನನ್ನು ಪರಿಚಯಿಸತೊಡಗಿದ: ಈ ಸಾರು ನನ್ನ ಅಕ್ಷರ ದುಂಡಗಿದೆ ಅಂತ ಎಲ್ಲರ ಮುಂದೆ ಹೇಳಿದ್ದರು, ಒಂದು ಪೆನ್ನು ಕೊಟ್ಟಿದ್ದರು. ಆ ಪೆನ್ನು ನನಗೆ ನೆನಪಿಲ್ಲ. ಉರುಮೆಯ ಸಂಗತಿ ಅವನಿಗೆ ನೆನಪಿತ್ತೋ ಇಲ್ಲವೋ, ನಾನು ಕೇಳಲಿಲ್ಲ. ಕೇಳಬೇಕಿತ್ತೆಂದು ಈಗ ಅನ್ನಿಸುತ್ತದೆ.

ದೇವರು ಹೊರಡುವವರೆಗೂ ನಿಂತು ಕೇಳಿದೆವು, ಸುಮಾರು ಎರಡು ಗಂಟೆ. ಮೊದಲ ಅರ್ಧ ಗಂಟೆ ನನ್ನ ಕಿವಿ ನೊಂದದ್ದು ನಿಜ. ಆ ಮೇಲೆ ಐದು ವಾದ್ಯಗಳು ಬೇರೆ ಬೇರೆಯಾಗಿ ಕೇಳತೊಡಗಿದವು. ಯಾವುದು ಕೇಳುತ್ತಿದೆ, ಯಾವುದು ಉತ್ತರಿಸುತ್ತಿದೆ ಎಂಬುದು ತಿಳಿಯತೊಡಗಿತು. ಬಿಡುವಿನಲ್ಲಿ ಆತ ಮೊಮ್ಮಗನ ಕೈಗೆ ಕಡ್ಡಿ ಕೊಟ್ಟು ಉಜ್ಜಲು ಹೇಳಿದ. ಹುಡುಗ ಎಷ್ಟು ಒತ್ತಿದರೂ ಕೀರಲು ಸದ್ದೊಂದು ಬಂತೇ ಹೊರತು ಗುಡುಗಲಿಲ್ಲ. "ಒತ್ತಬ್ಯಾಡಪ್ಪಾ, ಬಿಟ್ಟು ಎಳೀ" ಎಂದು ಆತ ಅವನ ಮಣಿಕಟ್ಟನ್ನು ಹಿಡಿದು ತೋರಿಸಿದ.

ಹಿಂದಿರುಗುವಾಗ ಪಾವಗಡ ದಾಟುವ ಹೊತ್ತಿಗೆ ಕತ್ತಲಾಗಿತ್ತು. ಮೊಮ್ಮಗ ಉರುಮೆಯನ್ನು ಫೋನಿನಲ್ಲಿ ಹಿಡಿದುಕೊಂಡಿದ್ದ. ಅದನ್ನು ಒಮ್ಮೆ ಕೇಳಿ ಮುಗಿಸಿದ ಮೇಲೆ, ಹೆಡ್‌ಫೋನಿನ ಒಂದು ತುದಿಯನ್ನು ನನ್ನ ಕಿವಿಗೆ ಇಟ್ಟು ಸೀಮೆಎಣ್ಣೆ ಡಬ್ಬದ ಆ ಸಂಪುಟವನ್ನು ಹಾಕಿದ. ನನಗದು ಮೂರನೆಯ ಸಲ. ಟಣ್ ಟಣ್ ಎಂದು ಮೊಳಗಿತು. "ಹೇಗಿದೆ ತಾತ?" ಎಂದ.

"ಹಿಡಿಸಲಿಲ್ಲ ಕಣೋ. ಮುಂದಿನದನ್ನು ಹಾಕು" ಎಂದೆ.